ಒಂಬತ್ತನೆಯ ಕಲಂ

ಹೋದ ವರ್ಷದವರೆಗೆ ಸುಲಭವಿತ್ತು.
ಮೂಲವೇತನ ಗಂಡಸರಿಗೆ ಇಷ್ಟು, ಹೆಂಗಸರಿಗೆ ಇಷ್ಟು,
ದರ್ಜೆ ಒಂದೇ, ಹಾಗಾಗಿ ಅಂಕಿಯೂ ಒಂದೇ;
ವ್ಯತ್ಯಾಸ ಎಂಬಲ್ಲಿ ನಾನೊಂದು ಸೊನ್ನೆ ಸುತ್ತುತ್ತಿದ್ದೆ,
ಹಾಲೇಶಪ್ಪನವರು ಸಹಿ ಹಾಕಿ
ಪೆನ್ನಿನ ಮುಚ್ಚಳವನ್ನು ಟಕ್ಕೆಂದು ಒತ್ತುತ್ತಿದ್ದರು.

ಈ ಸಲ ನಮೂನೆ ಬದಲಾಗಿದೆ.
ಕೈಗೆ ಸೇರಿದ್ದೆಲ್ಲ ಬರೆಯಬೇಕಂತೆ,
ಓಟಿ, ಬೋನಸ್ಸು, ರಾತ್ರಿ ಪಾಳಿಯ ಭತ್ಯೆ,
ಟನ್ನಿನ ಲೆಕ್ಕದ ಇನ್ಸೆಂಟಿವ್.
ಒಂಬತ್ತನೆಯ ಕಲಂ. ಅದರ ಕೆಳಗೆ ಒಂದು ಸಾಲು:
ಅಂತರವಿದ್ದಲ್ಲಿ ಕಾರಣ ನಮೂದಿಸಿ.

ಕಾರಣ ನೋಡಲು ಕಿಟಕಿಯಿಂದ ಬಗ್ಗಿದರೆ ಸಾಕು.
ಮಾಚೇನಹಳ್ಳಿಯ ಈ ಫೌಂಡ್ರಿಯಲ್ಲಿ
ಕುಲುಮೆ ಕಡೆ ಗಂಡಸರು, ಕೋರ್ ಶಾಪಿನಲ್ಲಿ ಹೆಂಗಸರು.
ಫಿಲೋಮಿನಾ, ಚೌಡಮ್ಮ, ನಿದಿಗೆಯಿಂದ ಬರುವ ಮುಮ್ತಾಜ್,
ಮರಳಿಗೆ ಅಂಟು ಕಲಸಿ, ಪೆಟ್ಟಿಗೆಗೆ ಗಿಡಿದು,
ಮೊಟ್ಟೆ ಎತ್ತುವ ಹಾಗೆ ಎತ್ತಿ ಒಲೆಗಿಡುತ್ತಾರೆ.
ಅಚ್ಚಿನ ನಡುವೆ ಅದನ್ನು ಕೂರಿಸಿ
ಸುತ್ತ ಸುರಿಯುತ್ತಾರೆ ಇವರು, ಕೆಂಪು ಕಬ್ಬಿಣ.
ಆರಿದ ಮೇಲೆ ಬಡಿದರೆ
ಮರಳು ಉದುರಿಹೋಗುತ್ತದೆ, ಉಳಿಯುವುದು
ನೀರು ಹರಿಯಲು ಬೇಕಾದ ಜಾಗ.
ಪಂಪು ಎಂದರೆ ಆ ಜಾಗವೇ.
ಅದಿಲ್ಲದಿದ್ದರೆ ಕಬ್ಬಿಣದ ಗುಂಡುಕಲ್ಲು.

ತಕ್ಕಡಿಗೆ ಜಾಗದ ತೂಕ ಗೊತ್ತಿಲ್ಲ.
ಟನ್ನಿಗೆ ಇಷ್ಟು ಎಂದು ಹಂಚುವಾಗ
ತೂಗುವುದು ಕಬ್ಬಿಣ,
ಕಬ್ಬಿಣ ಸುರಿದವರ ಹೆಸರಿಗೆ.
ಮರಳು ಹಿತ್ತಲ ರಾಶಿಗೆ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಿದ್ದೆವಲ್ಲ ಚಿಕ್ಕಂದಿನಲ್ಲಿ,
ಅತ್ತರೆಂದು ಕುಂಟೆಬಿಲ್ಲೆಗೆ ಸೇರಿಸಿಕೊಂಡ ತಂಗಿಯರಿಗೆ.

ಕೂಡಿದೆ, ಭಾಗಿಸಿದೆ. ಮತ್ತೆ ಭಾಗಿಸಿದೆ.
ಗಂಡಾಳಿಗೆ ಒಂದು ರೂಪಾಯಿ,
ಹೆಣ್ಣಾಳಿಗೆ ಎಪ್ಪತ್ತೊಂದು ಪೈಸೆ.
ಕ್ಯಾಲ್ಕುಲೇಟರಿನ ಬ್ಯಾಟರಿ ಮೇಲೆ ಅನುಮಾನ ಬಂದು
ಕಾಗದದ ಮೇಲೆ, ಶಾಲೆಯಲ್ಲಿ ಕಲಿಸಿದ ಹಾಗೆ,
ಪಕ್ಕದ ಮನೆಯಿಂದ ಎರವಲು ತಂದು ಕಳೆದೆ:
ಇಪ್ಪತ್ತೊಂಬತ್ತು.

ಹಾಲೇಶಪ್ಪನವರು ಕೆಟ್ಟವರಲ್ಲ. ನನ್ನ ಮಗಳ ಟೈಫಾಯ್ಡಿಗೆ
ಕೇಳುವ ಮೊದಲೇ ಅಡ್ವಾನ್ಸ್ ಕೊಟ್ಟವರು.
ಕನ್ನಡಕ ಹಣೆಗೇರಿಸಿ ಅಂದರು:
"ದಾಕ್ಷಾಯಿಣಿ, ಕೋರ್ ಶಾಪನ್ನು ಕಂಟ್ರಾಕ್ಟಿಗೆ ತೋರಿಸಿಬಿಡಿ.
ನಮ್ಮ ಪಟ್ಟಿಯಲ್ಲೇ ಇಲ್ಲದವರಿಗೆ ಅಂತರ ಎಲ್ಲಿಂದ ಬರುತ್ತೆ?"
ಆ ಬಾಗಿಲನ್ನೂ ಈ ಸಲ ಮುಚ್ಚಿದ್ದಾರೆ ಸಾರ್,
ನಾಲ್ಕನೇ ಪುಟ, ಸಣ್ಣ ಅಕ್ಷರ, ಅಂದೆ.
ಅವರು ಓದಿದರು. ಬೆರಳಿಟ್ಟು ಓದಿದರು.
ಫ್ಯಾನು ತಿರುಗುತ್ತಿತ್ತು.
"ಹಾಗಾದರೆ ಕಾರಣ ಏನಂತ ಬರೀತೀರಿ?"

ಆಗಲೇ ನನ್ನ ಸಾಲನ್ನೂ ನೋಡಿದೆ.
ಆಫೀಸಿನ ದರ್ಜೆಯಲ್ಲಿ ನಾವು ಇಬ್ಬರೇ,
ನಾನು, ಹದಿನಾಲ್ಕು ವರ್ಷ; ಸ್ಟೋರಿನ ಲೋಕೇಶ, ಆರು.
ಅವನಿಗೆ ಬೈಕ್ ಭತ್ಯೆ. ನನಗೆ?
ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಲ್ಲವಾ ಎಂದು
ಒಂದೇ ನಗೆಯಲ್ಲಿ ತೀರಿತ್ತು ಆ ಮಾತು.
ನಕ್ಕವರಲ್ಲಿ ನಾನೂ ಇದ್ದೆ.
ತಿಂಗಳು ತಿಂಗಳೂ ಅವನ ವೋಚರ್ ಬರೆದದ್ದು ನನ್ನದೇ ಕೈ.

ಕಾರಣದ ಚೌಕ ಬೆಂಕಿಪೊಟ್ಟಣದಷ್ಟು.
"ಕೆಲಸದ ಸ್ವರೂಪ" ಎಂದು ಬರೆದು ಹೊಡೆದುಹಾಕಿದೆ.
"ಮರಳನ್ನು ತೂಗುವುದಿಲ್ಲ" ಎಂದು ಬರೆದೆ.
ಬಹಳ ಹೊತ್ತು ಪೆನ್ನು ಹಿಡಿದು ಕೂತರು,
ಆಮೇಲೆ ಸಹಿ ಹಾಕಿದರು. ಮುಚ್ಚಳದ ಸದ್ದು ಕೇಳಲಿಲ್ಲ.

ಪ್ರತಿಯನ್ನು ನೋಟೀಸ್ ಬೋರ್ಡಿಗೆ ಹಚ್ಚಬೇಕು, ಅದೂ ನಿಯಮ.
ಊಟದ ಬೆಲ್ಲಿನಲ್ಲಿ ಫಿಲೋಮಿನಾ ನಿಂತು ಓದಿದಳು,
ಚರ್ಚಿನಲ್ಲಿ ವಾಚನ ಓದುವವಳ ಗಂಟಲು,
ಕೊನೆಯ ಬೆಂಚಿನವರೆಗೂ ಕೇಳುತ್ತದೆ.
ಯಾರೂ ಕೂಗಲಿಲ್ಲ.
ಚೌಡಮ್ಮ ಕೈ ಕೊಡವಿಕೊಂಡಳು,
ಮುಂಗೈಗೆ ಅಂಟಿದ್ದ ಮರಳು ಸಿಮೆಂಟು ನೆಲಕ್ಕೆ ಬಿತ್ತು,
ಅದನ್ನೇ ನೋಡುತ್ತ ಕೇಳಿದಳು:
"ಎಷ್ಟು ವರ್ಷದ್ದು, ಈ ಇಪ್ಪತ್ತೊಂಬತ್ತು?"

ಹನ್ನೊಂದು ವರ್ಷದ ಸೊನ್ನೆಗಳ ಪ್ರತಿ
ಉಕ್ಕಿನ ಬೀರುವಿನ ಕೆಳಗಿನ ಖಾನೆಯಲ್ಲಿದೆ.
ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ.