ಪೆಡಲು

ಸೊಹಾರಿನಲ್ಲಿ ರಾತ್ರಿ ಹತ್ತಕ್ಕೂ ಗಾಳಿ ಬಾಣಲೆಯಿಂದ ಎದ್ದಂತಿರುತ್ತದೆ.
ಒಳಗೆ, ನನ್ನ ಕೋಣೆಯಲ್ಲಿ, ಹತ್ತೊಂಬತ್ತು ಡಿಗ್ರಿ.
ಅವ್ವಮ್ಮ ಬಂದವಳೇ ಕುಪ್ಪಸದಂಚಿಂದ
ಮೂರು ಗುಂಡುಸೂಜಿ ತೆಗೆದು ಟ್ರೇಯಲ್ಲಿಟ್ಟಳು.
ನಾಲ್ಕನೆಯದನ್ನು ನಾನು ಹುಡುಕಿದೆ, ತಲೆವಸ್ತ್ರದಲ್ಲಿ.
"ಬೆರಳೊಳಗೆ ಮುರಿದ ಸೂಜಿ ಏನಾದರೂ?"
"ಒಂದಿತ್ತು. ಮಗಳು ಹುಟ್ಟಿದ ವರ್ಷವೇ ತೆಗೆಸಿದೆ."

ಉಳ್ಳಾಲದ ಕಡೆಯವಳು. ಸೂಕಿನ ಹಿಂದಿನ ಅಂಗಡಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ಅಬಾಯಾದ ತೋಳು ಹೊಲಿಯುತ್ತಾಳೆ.
ಬರೀ ತೋಳು.

ಬೋರಲು ಮಲಗಿಸಿದೆ. ಎರಡು ಗುಳಿಗಳಲ್ಲಿ ಎರಡು ಮೊಲೆ.
ಹಣೆಗೆ ದಿಂಬು. ಕೈಗೆ ರಬ್ಬರ್ ಚೆಂಡು, ಭಯವಾದರೆ ಹಿಸುಕು.
ಉಸಿರು ಕಟ್ಟಬೇಡ, ಸಣ್ಣಗೆ ಬಿಡು, ಅಲುಗಬೇಡ.
ಅರಬ್ಬಿಯಲ್ಲಿ ಹೇಳಿ ಹೇಳಿ ಸವೆದ ಮಾತು
ಕನ್ನಡದಲ್ಲಿ ಯಾಕೋ ಬೈದಂತೆ ಕೇಳಿಸಿತು.

ಟಕಟಕಟಕ, ಟಕಟಕಟಕ.
ಮೊದಲ ಸರಣಿಯಲ್ಲೇ ಪ್ರೇತಗಳು:
ಚರ್ಮದ ಒಂದು ಗೆರೆ ಐದಾಗಿ,
ಬಟ್ಟೆಯ ಮೇಲೆ ಸೀಮೆಸುಣ್ಣ ತಪ್ಪಿ ತಪ್ಪಿ ಎಳೆದ ಹಾಗೆ.
ಎದೆಬಡಿತದ ನೆರಳು ಮೊಲೆಯ ಮೇಲೆ ಬೀಳದಂತೆ
ದಿಕ್ಕು ತಿರುಗಿಸುವುದು ಗೊತ್ತು; ತಿರುಗಿಸಿಯೇ ಇದ್ದೆ.
ಪಟ್ಟಿ ಬಿಗಿ ಮಾಡಿದೆ. ಮತ್ತೂ ಪ್ರೇತ.
ಅಳುತ್ತಿದ್ದಾಳೇನೋ. ಅಳುವವರೂ ಪರದೆಗೆ ಹೀಗೇ ಬರುತ್ತಾರೆ.

ಗಾಜಿಗೆ ಹಣೆಯಿಟ್ಟು ನೋಡಿದರೆ
ಕಂಬಳಿಯ ತುದಿಯಲ್ಲಿ ಬಲಗಾಲು
ಬೆರಳೊತ್ತಿ, ಬಿಟ್ಟು, ಬೆರಳೊತ್ತಿ, ಬಿಟ್ಟು
ಯಂತ್ರದ ಸದ್ದಿಗೆ ಸರಿಯಾಗಿ
ಪೆಡಲು ತುಳಿಯುತ್ತಿದೆ.
ಅವಳಿಗೇ ಗೊತ್ತಿಲ್ಲ.

ಇದಕ್ಕೆ ನನ್ನ ಕೀಲಿಮಣೆಯಲ್ಲಿ ಗುಂಡಿಯಿಲ್ಲ.
ಹೋಗಿ, ಟವೆಲು ಸುರುಳಿ ಸುತ್ತಿ ಕಣಕಾಲಿನಡಿ ಇಟ್ಟೆ.
ಬೆರಳು ಗಾಳಿಯಲ್ಲಿ ಎರಡು ಸಲ ಹುಡುಕಿತು,
ನಿಂತಿತು.
"ಯಾರ ತೋಳು ಹೊಲಿಯುತ್ತಿದ್ದೆ?"
"ಅಯ್ಯೋ," ನಕ್ಕಳು, "ಸುವೈಕಿನ ಮದುಮಗಳದ್ದು. ಗುರುವಾರಕ್ಕೆ ಕೊಡಬೇಕು."
ನಗು ಇಳಿಯುವವರೆಗೆ ಕಾದೆ.
ನಗುವೂ ಅಲುಗಾಟವೇ.

ಮದ್ದು ಹರಿಯುವ ಮುಂಚಿನ ಚಿತ್ರವೊಂದು, ಹರಿದ ಮೇಲಿನದೊಂದು.
ಇದರಲ್ಲಿ ಅದನ್ನು ಕಳೆದರೆ
ರಕ್ತ ಹೆಚ್ಚು ಕುಡಿದದ್ದು ಮಾತ್ರ ಬೆಳ್ಳಗೆ ಉಳಿಯಬೇಕು.
ಕೂದಲೆಳೆ ಸರಿದರೂ ಲೆಕ್ಕ ತಪ್ಪಿ
ಇಲ್ಲದ್ದು ಹೊಳೆಯುತ್ತದೆ, ಇದ್ದದ್ದು ಅಡಗುತ್ತದೆ.
ಈ ಸಲ ಅಂಚಿಗೆ ಅಂಚು ಕೂತಿತು.
ಏನು ಉಳಿಯಿತೆಂದು ಹೇಳುವ ಕೆಲಸ ನನ್ನದಲ್ಲ.

ಎದ್ದು ಕೂತಳು. ಹಣೆಯ ಮೇಲೆ ದಿಂಬಿನ ಮಡಿಕೆ.
ನನ್ನ ಮುಖ ಓದಲು ನೋಡಲಿಲ್ಲ; ಟ್ರೇಯ ಸೂಜಿ ಎಣಿಸಿ,
ನಾಲ್ಕನ್ನೂ ಅದದೇ ಜಾಗಕ್ಕೆ ಚುಚ್ಚಿಕೊಂಡು,
"ಬರಲಾ?" ಎಂದಳು.
"ಇನ್ನೂ ಒಂದು ತೋಳು ಬಾಕಿ ಇದೆ."