ಮೂರು ಗಂಟಿನ ದಾರ

ಶೋರೂಮಿನ ಹುಡುಗ ನನ್ನನ್ನು ಕೇಳಲಿಲ್ಲ,
ಹಿಂದೆ ನಿಂತಿದ್ದ ಮೈದುನನನ್ನು ಕೇಳಿದ:
"ಲೋಡ್ ಏನ್ ಸಾರ್? ಟೊಮೇಟೋನಾ, ರೇಷ್ಮೆಗೂಡಾ?"
ಮೈದುನ ನನ್ನ ಮುಖ ನೋಡಿದ.
ನಾನು ಸೆರಗಿನ ತುದಿ ಬಿಚ್ಚಿ
ದಾರ ತೆಗೆದೆ.

ದಾರಕ್ಕೆ ಮೂರು ಗಂಟು.
ಮೊದಲನೆಯದರ ತನಕ ಸಾರಿನ ಕೊಪ್ಪರಿಗೆಯ ಬಾಯಿ,
ಅಲ್ಲಿಂದ ಎರಡನೆಯದಕ್ಕೆ ಅನ್ನ ಬಸಿಯುವ ಕುಕ್ಕೆ,
ಮೂರನೆಯದಕ್ಕೆ ಒಲೆ,
ಕಾಲು ಮಡಚದ ಹಳೇ ಕಬ್ಬಿಣ.
ಚಿಂತಾಮಣಿ ಸುತ್ತಲ ಹಳ್ಳಿಗಳ
ಮದುವೆ, ನಾಮಕರಣ, ಹನ್ನೊಂದನೇ ದಿನ
ಎಲ್ಲ ಇಷ್ಟುದ್ದದಲ್ಲೇ ನಡೆದಿವೆ.

ಸಿಂಗಲ್ ಕ್ಯಾಬಿನ ಬಾಡಿಯಲ್ಲಿ ದಾರ ಹಾಸಿದೆ.
ಮೂರೂ ಗಂಟು ಆರಾಮಾಗಿ ಮಲಗಿ
ಇನ್ನೂ ಒಂದು ಮೊಳ ಉಳಿಯಿತು, ಕಾಯಿ ಮೂಟೆಗೆ.
ಡಬಲ್ ಕ್ಯಾಬಿನಲ್ಲಿ
ಎರಡನೇ ಗಂಟು ದಾಟುತ್ತಲೇ ಬಾಡಿ ಮುಗಿದು
ಒಲೆ ಹೊರಗೆ ರಸ್ತೆಯಲ್ಲಿ ನಿಂತಿತು.

ಆಮೇಲೆ ಎಂಜಿನ್ನು.
ಬಾನೆಟ್ ಎತ್ತಿ ಹುಡುಗ ಮಾತಾಡಿದ್ದೇ ಮಾತಾಡಿದ್ದು:
ಡೀಸೆಲ್ಲಾದರೆ ಎಳೆತ, ಗ್ಯಾಸಾದರೆ ಉಳಿತಾಯ,
ಇಷ್ಟು ಕುದುರೆ, ಅಷ್ಟು ಟಾರ್ಕು.
ನನಗೆ ಗೊತ್ತಿರುವುದು ಉರಿ.
ಜಾಸ್ತಿಯಾದರೆ ತಳ ಹಿಡಿಯುತ್ತೆ,
ಕಮ್ಮಿಯಾದರೆ ಬೇಳೆ ಕಲ್ಲಾಗಿ ಕೂತು
ಬೀಗರ ಎದುರು ಮಾನ ಕಳೆಯುತ್ತೆ.
"ನಾಲ್ಕು ನೂರು ಎಲೆಯ ಸಾಮಾನು ಹೇರಿಕೊಂಡು
ಬೆಟ್ಟದ ಏರಲ್ಲಿ ಒಂದು ಸಲ ನಿಂತರೆ
ಮತ್ತೆ ಹೊರಡುತ್ತಾ?" ಅಂದೆ.
"ಏಮೀ ಕಾದಮ್ಮ," ಅಂದ,
ಮೊದಲ ಸಲ ನನ್ನ ಕಡೆ ತಿರುಗಿ.
ಡೀಸೆಲ್ಲು ಅಲ್ಲಿಗೆ ತೀರ್ಮಾನ.
ಸಿಲಿಂಡರು ಹೊತ್ತು ಹೊತ್ತು ಸಾಕಾಗಿದೆ,
ಗಾಡಿಯ ಹೊಟ್ಟೆಯಲ್ಲೂ ಇನ್ನೊಂದು ಬೇಡ.

ಕ್ಯಾಬು ಮಾತ್ರ ಹನ್ನೆರಡು ದಿನ ತೀರ್ಮಾನವಾಗಲಿಲ್ಲ.
"ಹೆಂಗಸರು ಹಿಂದೆ ಕೂರ್ತಾರೆ ಬಿಡಿ ಅತ್ತಿಗೆ,
ಇಷ್ಟು ವರ್ಷ ಕೂತಿಲ್ವಾ?"

ಕೂತಿದ್ದಾರೆ.
ಬಾಡಿಗೆ ಗಾಡಿಯಲ್ಲಿ, ರಾತ್ರಿ ಎರಡಕ್ಕೆ,
ಬೋರಲು ಹಾಕಿದ ಕೊಪ್ಪರಿಗೆಗೆ ಒರಗಿ,
ಮಸಿ ಸೀರೆಗೆ, ಸೀರೆ ಮಸಿಗೆ.
ಪುಷ್ಯದ ಚಳಿಗೆ ಅಶ್ವತ್ಥಮ್ಮ
ಕೋಸಿನ ಖಾಲಿ ಚೀಲದೊಳಗೆ ಕಾಲು ತೂರಿಸಿಕೊಂಡು;
ನಸೀಮಾ, ಮಣಗಟ್ಟಲೆ ಈರುಳ್ಳಿಯನ್ನು
ಕಣ್ಣೀರಿಲ್ಲದೆ ಹೆಚ್ಚುವವಳು,
ಹಂಪು ಬಂದಾಗಲೆಲ್ಲ ಒಲೆಯ ಕಾಲು ಹಿಡಿದು.
ಬಯ್ಯಮ್ಮನ ಮಂಡಿಯಂತೂ
ಇಳಿದ ಮೇಲೆ ಅರ್ಧ ಗಂಟೆ ಬೇರೆ ಯಾರದೋ ಮಂಡಿ.

ನಾನು ಮುಂದೆ, ಡ್ರೈವರ್ ಪಕ್ಕ,
ಲೆಕ್ಕದ ಪುಸ್ತಕ ತೊಡೆಯ ಮೇಲೆ.
ಲೆಕ್ಕ ಬರೀಬೇಕು, ಲೈಟ್ ಹಾಕಪ್ಪ, ಅನ್ನುತ್ತಿದ್ದೆ.
ಒಳಗೆ ಲೈಟು ಉರಿದರೆ
ಹಿಂದಿನ ಗಾಜಿನಲ್ಲಿ ನನ್ನ ಮುಖವೇ ಕಾಣುತ್ತೆ,
ಅವರದು ಕಾಣಲ್ಲ.

ಹದಿಮೂರನೇ ದಿನ ಒಲೆಯನ್ನು
ವೆಲ್ಡಿಂಗ್ ಅಂಗಡಿಗೆ ಹೊರಿಸಿಕೊಂಡು ಹೋದೆ.
ಕಾಲು ಕತ್ತರಿಸಿ, ಕೀಲು ಹಾಕಿ,
ಒಂಬೈನೂರು ಕೇಳಿದ, ಏಳುನೂರೈವತ್ತು ಕೊಟ್ಟೆ.
ಮೂರನೇ ಗಂಟು ಬಿಚ್ಚಿದೆ.
ಕಾಯಿ ಮೂಟೆ ಮದುವೆ ಮನೆಯವರೇ ತರಲಿ.

ಮೊದಲ ಬಾಡೂಟ ಬಟ್ಲಹಳ್ಳಿಯಲ್ಲಿ.
ಹಂಡೆ ತೊಳೆದು ಹೇರಿ ಹೊರಡುವಾಗ ಎರಡೂಕಾಲು.
ಬಯ್ಯಮ್ಮ ಹಿಂದಿನ ಬಾಗಿಲ ಹತ್ತಿರ ನಿಂತು
ಉಳಿದ ನೀರಲ್ಲಿ ಕಾಲು ತೊಳೆದು,
ಚಪ್ಪಲಿ ಕೈಯಲ್ಲಿ ಹಿಡಿದೇ ಹತ್ತಿದಳು.
ಸೀಟಿನ ಪ್ಲಾಸ್ಟಿಕ್ಕು ಕಿತ್ತಿರಲಿಲ್ಲ, ಕರಕರ ಅಂದಿತು.
ಡ್ರೈವರ್ ಕೇಳಿದ, ಲೈಟ್ ಹಾಕ್ಲಾ ಅಕ್ಕ?
ಬೇಡ ಅಂದೆ. ಲೆಕ್ಕ ನಾಳೆ.

"ಇಷ್ಟು ದುಡ್ಡು ಸುರಿದಿದ್ದೀಯ,
ಈ ಕಿಟಕಿ ಪೂರ್ತಿ ಇಳಿಯಲ್ವಲ್ಲಕ್ಕ," ನಸೀಮಾ.
ಯಾರೂ ಉತ್ತರ ಕೊಡಲಿಲ್ಲ.
ಅಶ್ವತ್ಥಮ್ಮನ ಗೊರಕೆ ಆಗಲೇ ಟಾಪ್ ಗೇರಲ್ಲಿತ್ತು,
ಹಿಂದೆ ಒಲೆಯ ಹೊಸ ಕೀಲು
ಊರು ಮುಟ್ಟುವವರೆಗೂ ಲಟಲಟ.