ಇತರೆ

ಅರ್ಜಿಯಲ್ಲಿ ನಾಲ್ಕೇ ಚೌಕ.
ಚೀನೀ. ಮಲಯ್. ಇಂಡಿಯನ್.
ನಾಲ್ಕನೆಯದು ನನ್ನದು:
ಮಲಾಕ್ಕದ ದಂಡೆಯಲ್ಲಿ ಹಡಗಿನಿಂದಿಳಿದು
ಮತ್ತೆ ಹತ್ತುವುದನ್ನು ಮರೆತ ಯಾವನೋ ಪೋರ್ಚುಗೀಸನ
ಎಷ್ಟನೆಯದೋ ತಲೆಮಾರಿನ ಮರಿಮಗಳು,
ಬರ್ನಡೆಟ್ ಒಲಿವೇರೋ, ಇತರೆ.

ಈ ಸಂಜೆ ತುಂಬುತ್ತಿರುವ ಅರ್ಜಿ ನನ್ನದಲ್ಲ.
ಪಕ್ಕದ ಮನೆಯ ಮಾ ಸೋಮ್
ಕನ್ನಡಕ ಸಿಗುತ್ತಿಲ್ಲವೆಂದು ನನ್ನನ್ನು ಕೂರಿಸಿಕೊಂಡಿದ್ದಾಳೆ.
ಕನ್ನಡಕ ಅವಳ ಮಡಿಲಲ್ಲೇ ಇದೆ.
ಮಂಡಿ ಸವೆದಿದೆ, ತಾಂಪಿನೀಸಿನ ಮಗಳು ಬಾ ಎನ್ನುತ್ತಾಳೆ,
ಮನೆ ಮಾರಬೇಕು. ಕೊಳ್ಳುವವನೂ ಸಿದ್ಧ:
ಓಣಿಯ ಆ ತುದಿಯಲ್ಲಿದ್ದ ಹ್ವೇ ಎಂಗ್ ಇದ್ದಳಲ್ಲ, ಅವಳ ಮಗ ವೇ ಕ್ಯಾಟ್.
ಒಂಟಿಯಾದ ಅಪ್ಪನಿಗೆ ಹತ್ತಿರ ಇರಬೇಕಂತೆ.
ಇದೇ ಚಾಪೆಯ ಮೇಲೆ ಮಧ್ಯಾಹ್ನದ ನಿದ್ದೆ ಮುಗಿಸಿ
ಎದ್ದ ಕೂಡಲೇ, ಹೆತ್ತವಳಿಗಿಂತ ಮೊದಲು
ಇವಳನ್ನು ಕೂಗುತ್ತಿದ್ದ ಹುಡುಗ.

ಆಗುವುದಿಲ್ಲ, ಅಂದಿತು ಕಚೇರಿ.
ಈ ಕಟ್ಟಡದಲ್ಲಿ ಚೀನೀಯರ ಪಾಲು ತುಂಬಿದೆ.

ಕಾನೂನು ಕೆಟ್ಟದ್ದೇ? ಹೇಳಲಾರೆ.
ಒಂದೊಂದು ಜನ ಒಂದೊಂದು ಕೇರಿ ಕಟ್ಟಿಕೊಂಡು
ಪರಸ್ಪರ ಬೆನ್ನು ಹಾಕಿ ಕೂರಬಾರದೆಂದು
ಔಷಧದಂಗಡಿಯವನು ಪುಡಿ ತೂಗುವ ಹಾಗೆ
ತೂಗಿ ಬೆರೆಸಿದರು ನಮ್ಮನ್ನು.
ತೂಗದಿದ್ದರೆ ತೊಂಬತ್ತೊಂದರಲ್ಲಿ
ಈ ಮೂರು ಬಾಗಿಲು ಒಂದೇ ಸಾಲಿಗೆ ಬರುತ್ತಿರಲಿಲ್ಲ.
ತಂದು ಕೂರಿಸಿದ ತಕ್ಕಡಿಯೇ ಈಗ
ಮುಳ್ಳು ತೋರಿಸಿ ಸಾಕು ಅನ್ನುತ್ತಿದೆ.

ಹಾಲು ಜೇನಿನ ಹಾಗಿದ್ದೆವು ಅಂತಲೂ ಅಲ್ಲ.
ಏಳನೇ ತಿಂಗಳು ಹ್ವೇ ಎಂಗ್ ಸತ್ತವರಿಗೆಂದು ಸುಟ್ಟ ಕಾಗದದ ಬೂದಿ
ಒಂಬತ್ತು ಮಹಡಿ ಹಾರಿ ಬಂದು
ಮಾ ಸೋಮ್ ಒಗೆದು ಹರವಿದ್ದ ನಮಾಜಿನ ಬಿಳಿ ಬಟ್ಟೆಯ ಮೇಲೆ ಕೂತಿತು.
ಎರಡು ವರ್ಷ ಮಾತಿರಲಿಲ್ಲ ಅವರಲ್ಲಿ.
ನನ್ನ ನಾಯಿ ಇವಳ ಹೊಸ್ತಿಲು ನೆಕ್ಕಿದ ದಿನ
ಏಳು ಸಲ ತೊಳೆದಳು, ಒಂದು ಸಲ ಮಣ್ಣು ಹಾಕಿ,
ನನ್ನ ಕಣ್ಣೆದುರೇ.
ಅದೇ ವಾರ ನನ್ನ ಜ್ವರಕ್ಕೆ ಗಂಜಿ ತಂದದ್ದೂ ಅವಳೇ;
ಹೊಸ್ತಿಲಾಚೆ ನಿಂತು, ನಾಯಿ ಕಟ್ಟಿದ್ದೀಯಾ ಅಂತ ಕೇಳಿ.

ಹ್ವೇ ಎಂಗ್ ಅಡಿಗೆಮನೆಯ ಮೇಲಿನ ಗೂಡಿನಲ್ಲಿ
ಒಂದು ಬಾಣಲೆ ಇತ್ತು, ಪೇಪರು ಸುತ್ತಿದ್ದು,
ಹಂದಿಯ ಕೊಬ್ಬು ಎಂದೂ ಮುಟ್ಟದ್ದು.
ಮಾ ಸೋಮ್ ಊಟಕ್ಕೆ ಬಂದ ದಿನ ಮಾತ್ರ ಕೆಳಗಿಳಿಯುತ್ತಿತ್ತು.
ಮಾತು ಬಿಟ್ಟ ಎರಡು ವರ್ಷದಲ್ಲಿ ಪೇಪರು ಹಳದಿಯಾಯಿತು,
ಬಾಣಲೆ ಬೇರೆ ಕೆಲಸಕ್ಕೆ ಬೀಳಲಿಲ್ಲ.
ಹೋದ ಮಾರ್ಚಿನಲ್ಲಿ ಅವಳು ತೀರಿಕೊಂಡ ಮೇಲೆ
ಮಗ ನನ್ನ ಕೇಳಿದ: ಇದನ್ನೇನು ಮಾಡುವುದು, ಆಂಟಿ?
ನಾನು ಹೇಳಬೇಕಾಗಿರಲಿಲ್ಲ. ಮಾ ಸೋಮ್ ತಾನೇ ಹೋಗಿ
ಕೇಳಿ ತಂದಳು.

ಇವತ್ತು ಮನೆ ನೋಡಲು ಬಂದವರು ಸರಿಯಾದ ಚೌಕದವರು.
ಒಳ್ಳೆಯ ಜನ. ಕಿಟಕಿ ತೆಗೆದು ಗಾಳಿ ನೋಡಿದರು,
ಹೇಳಿದ ಬೆಲೆಗೆ ನಲವತ್ತು ಸಾವಿರ ಕಮ್ಮಿ ಕೇಳಿದರು.
ಅವಳಿಗೆ ಬೇರೆ ದಾರಿಯಿಲ್ಲವೆಂದು ಅವರಿಗೂ ಗೊತ್ತು.
ಹೊರಡುವಾಗ ಆ ಹೆಣ್ಣುಮಗಳು ನನ್ನ ಮುಖವನ್ನೇ ನೋಡಿ,
ಮೂಗು, ಕೂದಲು, ಮತ್ತೆ ಮೂಗು,
ನೀವು ಯಾವ ಪೈಕಿ? ಅಂದಳು.
ಪಕ್ಕದ ಮನೆ, ಅಂದೆ.

ಕತ್ತಲಾದ ಮೇಲೆ ವೇ ಕ್ಯಾಟ್ ಬಂದ, ಶೂ ಹೊರಗೆ ಬಿಟ್ಟು.
ಚ್ಯಾ ಪಾ ಬುಯ್, ಕೇಳಿದಳು ಮಾ ಸೋಮ್,
ಅವನ ತಾಯಿಯ ಹೊಕ್ಕಿಯನ್ನಿನಲ್ಲಿ: ಉಂಡೆಯಾ?
ಬೆಲುಮ್, ಅಂದ ಅವನು ಇವಳ ಮಲಯ್‌ನಲ್ಲಿ,
ಇನ್ನೂ ಇಲ್ಲ.
ಮನೆಯ ವಿಷಯ ಯಾರೂ ಎತ್ತಲಿಲ್ಲ.
ಮಂಡಿ ಹಿಡಿದು ಎದ್ದಳು. ಬೆಳ್ಳುಳ್ಳಿ ಚಟಪಟ ಎಂದಿತು.
ಬಾಣಲೆಯನ್ನು ಹಾಗೇ ಎತ್ತಿ ತಂದಳು, ಕೆಳಗೇನಾದರೂ ಇಡು, ಇಡು, ಎನ್ನುತ್ತ;
ಕೈಗೆ ಸಿಕ್ಕಿದ್ದನ್ನು ನಾಲ್ಕು ಮಡಿಕೆ ಮಡಚಿ ಮೇಜಿನ ಮೇಲಿಟ್ಟೆ.

ನಾಳೆ ಹೊಸ ಅರ್ಜಿ ತರಬೇಕು.